ಆಸ್ಪತ್ರೆಗೂ ಮನೆಗೂ ನಡುವೆ ಒಂದು ಜಗಲಿ

ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಶಾಲೆ, ಭಾಷೆ, ಕೃಷಿ, ಮನೆವಾರ್ತೆಗಳ ಕುರಿತು ನಾಲ್ಕು ಮಾತು ಬರೆಯುತ್ತ ಬಂದವರು. ಈ ತಿಂಗಳು ಎತ್ತಿಕೊಂಡ ವಿಷಯ ಕೆಲವರಿಗೆ ಅಪ್ರಿಯವೆನಿಸಬಹುದು. ಮಕ್ಕಳೂ ಓದುವ ಪತ್ರಿಕೆಯಲ್ಲಿ ಕುಡಿತದ ಮಾತೇಕೆ ಎಂದು ಹಿರಿಯರು ಹುಬ್ಬುಗಂಟಿಕ್ಕಲೂಬಹುದು. ಆದರೆ ಕುಡಿತವನ್ನು ಬಯ್ಯುವುದಕ್ಕಾಗಿ ನಾವು ಲೇಖನಿ ಹಿಡಿದಿಲ್ಲ. ಆ ಕೆಲಸವನ್ನು ಮಾಡಿದವರು ಬೇಕಾದಷ್ಟು ಮಂದಿ ಇದ್ದಾರೆ. ಕುಡಿತವನ್ನು ಬಿಟ್ಟವನು ಬಿಟ್ಟ ಮೇಲೆ ಎಲ್ಲಿರಬೇಕು ಎಂಬ ಒಂದೇ ಪ್ರಶ್ನೆಯನ್ನು ವಾಚಕರ ಮುಂದಿಡುವುದು ಇಂದಿನ ಉದ್ದೇಶ.

ಪ್ರಶ್ನೆ ನಮ್ಮದಲ್ಲ. ನಮ್ಮ ನೆರೆಯ ಒಬ್ಬ ಹೆಣ್ಣುಮಗಳದು. ಆಕೆಯ ಗಂಡ ಅಡಕೆ ತೋಟದ ಕೆಲಸದಲ್ಲಿ ಪಳಗಿದವರು. ಒಮ್ಮೆ ಮರವೇರಿದರೆ ಕೆಳಗಿಳಿಯದೆ ಮರದಿಂದ ಮರಕ್ಕೆ ಸಾಗಿ ಇಡೀ ಸಾಲನ್ನು ಮುಗಿಸಿಯೇ ಇಳಿಯಬಲ್ಲ ಜಾಣರು. ಮಳೆಗಾಲದಲ್ಲಿ ಮದ್ದು ಬಿಡುವುದಕ್ಕೆ, ಆಮೇಲೆ ಕೊಯ್ಲಿಗೆ ಊರಿನ ಹತ್ತಾರು ತೋಟದವರು ಅವರ ದಾರಿ ಕಾಯುತ್ತಿದ್ದರು. ಸಂಜೆ ಮೈಕೈ ನೋವಿಗೆಂದು ಆರಂಭವಾದ ಗ್ಲಾಸು ಕ್ರಮೇಣ ಮಧ್ಯಾಹ್ನಕ್ಕೆ ಬಂತು. ಮಧ್ಯಾಹ್ನದ್ದು ಬೆಳಗ್ಗೆಗೆ ಬಂತು. ಕೈ ನಡುಗುವವನನ್ನು ಮರಕ್ಕೆ ಹತ್ತಿಸುವವರು ಯಾರು? ಕೆಲಸ ಹೋಯಿತು. ಹೆಂಡತಿಯ ಕಿವಿಯದು ಹೋಯಿತು. ಕಡೆಗೆ ಬಂಧುಗಳು ಸೇರಿ ಒಂದು ಚಿಕಿತ್ಸಾ ಕೇಂದ್ರಕ್ಕೆ ಒಯ್ದರು. ಇಪ್ಪತ್ತೊಂದು ದಿನಗಳ ತರುವಾಯ ಅವರು ಮರಳಿ ಬಂದಾಗ ಮುಖದಲ್ಲಿ ಕಳೆ ಇತ್ತು, ಕೈ ಸ್ಥಿರವಾಗಿತ್ತು. ಮಕ್ಕಳೊಂದಿಗೆ ಕುಳಿತು ಗಂಜಿ ಉಂಡರು. ದೇವಸ್ಥಾನಕ್ಕೆ ಹೋಗಿ ಪ್ರಸಾದ ತಂದು ನಮಗೂ ಕೊಟ್ಟರು.

ಹನ್ನೊಂದನೆಯ ದಿನ ಅವರು ಮತ್ತೆ ಕುಡಿದರು.

ಬಸ್ಸು ನಿಲ್ಲುವಲ್ಲಿಂದ ಅವರ ಮನೆಗೆ ಹೋಗುವ ದಾರಿಯಲ್ಲೇ ಗಡಂಗು. ಜೊತೆಗೆ ದುಡಿಯುವವರು ಸಂಜೆ ಕೂಡುವುದು ಅಲ್ಲೇ. ಮರುದಿನ ಯಾರ ತೋಟಕ್ಕೆ ಹೋಗುವುದೆಂಬ ನಿಶ್ಚಯ ಆಗುವುದೂ ಅಲ್ಲೇ. ಮೇಸ್ತ್ರಿ ಕೂಲಿ ಹಂಚುವುದೂ ಅಲ್ಲೇ. ಕೂಲಿ ಕೇಳಲು ಹೋದವರಿಗೆ "ಎಂತ ಭಾವ, ಒಂದೇ ಒಂದು ಗ್ಲಾಸು, ಅದರಲ್ಲಿ ಎಂತ ಉಂಟು?" ಎಂಬ ಉಪಚಾರ. ಅಂದವರು ದುಷ್ಟರೇನಲ್ಲ, ಪ್ರೀತಿಯಿಂದಲೇ ಅಂದರು. ಊರು ಮಾತ್ರ ಪ್ರೀತಿಯಿಂದ ಮಾತಾಡಲಿಲ್ಲ. ನಾಯಿಯ ಬಾಲವನ್ನು ನಳಿಗೆಯಲ್ಲಿಟ್ಟರೆ ನೆಟ್ಟಗಾದೀತೇ ಎಂದು ಜನರು ನಕ್ಕರು. ಮುಚ್ಚಿಡುವುದೇಕೆ? ನಕ್ಕವರಲ್ಲಿ ನಾವೂ ಇದ್ದೆವು.

ಈಗ ಅವರು ಎರಡನೆಯ ಬಾರಿ ಚಿಕಿತ್ಸೆಯಲ್ಲಿದ್ದಾರೆ. ಕಳೆದ ವಾರ ಆಕೆ ನಮ್ಮ ಜಗಲಿಯ ಮೆಟ್ಟಿಲ ಮೇಲೆ ಕುಳಿತು ಕೇಳಿದ್ದು ಇಷ್ಟೆ: ಈ ಸಲ ಬಿಡುಗಡೆಯಾದ ಮೇಲೆ ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ಮನೆಗೆ ಬಂದರೆ ಅದೇ ದಾರಿ, ಅದೇ ಗಡಂಗು, ಅದೇ ಸಂಜೆ. ಮನೆಯಲ್ಲದೆ ಬೇರೆ ಜಾಗವಾದರೂ ಎಲ್ಲಿ? ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರ ಹುಡುಕಲು ಹೊರಟುದರ ಫಲವೇ ಈ ಬರೆಹ.

ಮೊದಲು ಶರೀರದ ಸಂಗತಿಯನ್ನು ತಿಳಿದುಕೊಳ್ಳೋಣ. ಬಹುಕಾಲ ಮಿತಿಮೀರಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನಗಳಲ್ಲಿ ಕೈ ನಡುಕ, ಬೆವರು, ನಿದ್ರಾನಾಶ ಕಾಣಿಸಿಕೊಳ್ಳುತ್ತವೆ. ಕೆಲವರಿಗೆ ಅಪಸ್ಮಾರದಂತಹ ಸೆಳೆತ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದೊಳಗೆ ಬುದ್ಧಿಭ್ರಮೆಯಾಗಿ ಪ್ರಾಣಾಪಾಯವೂ ಸಂಭವಿಸುತ್ತದೆ. ಆದಕಾರಣ ಈ ಘಟ್ಟದಲ್ಲಿ ವೈದ್ಯರ ಮೇಲ್ವಿಚಾರಣೆ ಅನಿವಾರ್ಯ. ಕೋಣೆಯಲ್ಲಿ ಕೂಡಿಹಾಕಿ ಬಿಡಿಸುತ್ತೇವೆಂಬ ಸಾಹಸವನ್ನು ಯಾರೂ ಮಾಡಬಾರದು. ಒಂದು ವಾರ, ಹತ್ತು ದಿನಗಳಲ್ಲಿ ಈ ಬಿರುಗಾಳಿ ಅಡಗುತ್ತದೆ. ಆಸ್ಪತ್ರೆಯ ಮುಖ್ಯ ಕೆಲಸ ಅಲ್ಲಿಗೆ ಮುಗಿದಂತೆ. ಆದರೆ ರೋಗ ಮುಗಿಯಲಿಲ್ಲ. ನಿದ್ರೆ ಸರಿಹೋಗುವುದಕ್ಕೆ, ಮನಸ್ಸಿನ ಕುಗ್ಗು ನೀಗುವುದಕ್ಕೆ, ಸಿಡುಕು ಇಳಿಯುವುದಕ್ಕೆ ವಾರಗಳಲ್ಲ, ತಿಂಗಳುಗಳೇ ಬೇಕು. ಆ ಅವಧಿಯಲ್ಲಿ ಹಳೆಯ ಜಾಗ, ಹಳೆಯ ವಾಸನೆ, ಹಳೆಯ ಒಡನಾಡಿಯ ದನಿ ಇವಿಷ್ಟೇ ಸಾಕು, ಆಸೆ ಹೆಡೆಯೆತ್ತಲು. ಚಟದ ರೋಗಗಳಲ್ಲಿ ಚಿಕಿತ್ಸೆಯ ಬಳಿಕ ಮರುಕಳಿಸುವ ಪ್ರಮಾಣ ಶೇಕಡಾ 40ರಿಂದ 60 ಎಂದು ವೈದ್ಯಶಾಸ್ತ್ರ ಲೆಕ್ಕ ಹಾಕಿದೆ. ರಕ್ತದೊತ್ತಡ, ಉಬ್ಬಸದಂತಹ ದೀರ್ಘಕಾಲದ ಕಾಯಿಲೆಗಳಲ್ಲಿಯೂ ಸುಮಾರಾಗಿ ಹಾಗೆಯೇ ಎಂದು ಅದೇ ಶಾಸ್ತ್ರ ಹೇಳುತ್ತದೆ. ರಕ್ತದೊತ್ತಡ ಮರಳಿ ಏರಿದವನನ್ನು ಕಂಡು ನಾವು ನಗುವುದಿಲ್ಲ.

ಕೃಷಿಕರಾದ ನಮಗೆ ಇದು ಹೊಸ ಪಾಠವೇನೂ ಅಲ್ಲ. ಮೊಳೆತ ಅಡಕೆಯನ್ನು ಯಾರೂ ನೇರವಾಗಿ ತೋಟದ ಗುಂಡಿಗೆ ಇಳಿಸುವುದಿಲ್ಲ. ಮೊದಲು ಒಂದು ಪಾತಿ. ಅಲ್ಲಿಂದ ಕಿತ್ತು ಎರಡನೆಯ ಪಾತಿ. ವರ್ಷ, ಒಂದೂವರೆ ವರ್ಷ ಕಳೆದ ಮೇಲೆ ತೋಟ. ತೋಟಕ್ಕೆ ಬಂದ ಮೇಲೂ ಪಡುಬಿಸಿಲು ತಾಗದಂತೆ ನೆರಳು ಕಟ್ಟುತ್ತೇವೆ. ತಾಗಿದರೆ ಕಾಂಡ ಸೀಳುತ್ತದೆಂದು ಬಲ್ಲೆವು. ಗಿಡಕ್ಕೆ ಎರಡನೆಯ ಪಾತಿ ಬೇಕೆಂದು ತಿಳಿದ ನಾವು ಮನುಷ್ಯನನ್ನು ಮಾತ್ರ ಆಸ್ಪತ್ರೆಯ ಹಾಸಿಗೆಯಿಂದ ಕಿತ್ತು ನೇರವಾಗಿ ಪಡುಬಿಸಿಲಿಗೆ ನೆಡುತ್ತಿದ್ದೇವೆ. ಬಾಣಂತಿಯನ್ನು ಹನ್ನೊಂದನೆಯ ದಿನ ಬಾವಿಕಟ್ಟೆಗೆ ಕಳುಹಿಸದ ಸಂಸ್ಕೃತಿ ನಮ್ಮದು; ಆ ವಿವೇಕವನ್ನು ಇಲ್ಲಿಗೂ ವಿಸ್ತರಿಸಬೇಕಾಗಿದೆ.

ಎರಡನೆಯ ಪಾತಿ ಎಂದರೆ ಏನು? ಅದು ಆಸ್ಪತ್ರೆಯಲ್ಲ, ಸೆರೆಮನೆಯಲ್ಲ, ಆಶ್ರಮವೂ ಅಲ್ಲ. ಒಂದು ಸಾಧಾರಣ ಬಾಡಿಗೆಯ ಮನೆ. ಅದರಲ್ಲಿ ಎಂಟು ಹತ್ತು ಮಂದಿ. ಎಲ್ಲರೂ ಕುಡಿತವನ್ನು ಬಿಟ್ಟವರು, ಬಿಟ್ಟೇ ಇರಬೇಕೆಂದು ಬಯಸುವವರು. ಹಗಲು ದುಡಿಯಲು ಹೋಗುತ್ತಾರೆ, ಸಂಜೆ ಬಂದು ಕೂಡಿ ಉಣ್ಣುತ್ತಾರೆ, ರಾತ್ರಿ ಒಂದು ಗಂಟೆ ಕುಳಿತು ತಮ್ಮ ತಮ್ಮ ದಿನವನ್ನು ಹಂಚಿಕೊಳ್ಳುತ್ತಾರೆ. ಕುಡಿದು ಬಂದವನಿಗೆ ಅಲ್ಲಿ ಜಾಗವಿಲ್ಲ. ಆರು ತಿಂಗಳೋ ವರ್ಷವೋ ಹೀಗೆ ಬಾಳಿ, ಕಾಲು ಗಟ್ಟಿಯಾದ ಮೇಲೆ ಮನೆಗೆ ಮರಳುತ್ತಾರೆ. ಸಂಜೆಯ ಮೂರು ಗಂಟೆಗಳನ್ನು ಗಡಂಗಿನ ಹೊರತಾಗಿ ಕಳೆಯಲು ಕಲಿಸುವ ಶಾಲೆ ಎಂದು ಬೇಕಾದರೆ ಕರೆಯಬಹುದು.

ಇಂತಹ ಮನೆಗಳ ಪ್ರಯೋಗ ವ್ಯಾಪಕವಾಗಿ ನಡೆದುದು ಅಮೆರಿಕೆಯಲ್ಲಿ. 1975ರಲ್ಲಿ ಮೇರಿಲ್ಯಾಂಡ್ ಸಂಸ್ಥಾನದ ಸಿಲ್ವರ್ ಸ್ಪ್ರಿಂಗ್ ಎಂಬ ಊರಿನಲ್ಲಿ ಕುಡಿತ ಬಿಟ್ಟವರ ಒಂದು ವಸತಿಗೃಹ ಹಣದ ಕೊರತೆಯಿಂದ ಮುಚ್ಚುವ ಸ್ಥಿತಿಗೆ ಬಂತು. ಅಲ್ಲಿದ್ದ ಪಾಲ್ ಮೊಲ್ಲಾಯ್ ಮತ್ತು ಸಂಗಡಿಗರು ದಿಕ್ಕೆಟ್ಟು ಚದರಿಹೋಗಲಿಲ್ಲ; ತಾವೇ ಆ ಮನೆಯನ್ನು ಬಾಡಿಗೆಗೆ ಹಿಡಿದು ನಡೆಸತೊಡಗಿದರು. ಅದೇ 'ಆಕ್ಸ್‌ಫರ್ಡ್ ಹೌಸ್' ಎಂಬ ಹೆಸರಿನಿಂದ ಬೆಳೆಯಿತು. ಅವರ ಕಟ್ಟಳೆಗಳು ಸರಳ: ಮನೆಯ ಆಡಳಿತ ನಿವಾಸಿಗಳದೇ, ಮತ ಹಾಕಿ ನಿರ್ಣಯ; ಬಾಡಿಗೆ ಮತ್ತು ಖರ್ಚನ್ನು ಸಮನಾಗಿ ಹಂಚಿಕೊಳ್ಳುವುದು; ಕುಡಿದವನು ತತ್‌ಕ್ಷಣ ಹೊರಗೆ. ಒಬ್ಬನೇ ಶಾಶ್ವತವಾಗಿ ಯಜಮಾನಿಕೆ ಮಾಡದಂತೆ ಪದಾಧಿಕಾರಿಗಳ ಅವಧಿ ಆರು ತಿಂಗಳು ಮಾತ್ರ. ಇಂದು ಅಂತಹ ಮನೆಗಳ ಸಂಖ್ಯೆ ಎರಡು ಸಾವಿರವನ್ನು ಮೀರಿದೆ.

ಗಮನಿಸಬೇಕಾದ ಸಂಗತಿಯೆಂದರೆ, ಸ್ವಾವಲಂಬನೆಯನ್ನೇ ಮಂತ್ರವಾಗಿಸಿಕೊಂಡ ಈ ಮನೆಗಳು ಹಬ್ಬಿದುದು ಸಾರ್ವಜನಿಕ ಹಣದ ಆಸರೆಯಿಂದ. 1988ರಲ್ಲಿ ಆ ದೇಶ ಒಂದು ಕಾನೂನನ್ನು ಮಾಡಿ, ಪ್ರತಿಯೊಂದು ಸಂಸ್ಥಾನವೂ ಒಂದು ಲಕ್ಷ ಡಾಲರಿನ ಆವರ್ತನಿಧಿಯನ್ನು ಇಡಬೇಕೆಂದು ವಿಧಿಸಿತು. ಹೊಸ ಮನೆ ತೆರೆಯುವವರಿಗೆ ಅದರಿಂದ ನಾಲ್ಕು ಸಾವಿರ ಡಾಲರಿನವರೆಗೆ ಸಾಲ. ಎರಡು ವರ್ಷದೊಳಗೆ ಮರುಪಾವತಿ. ಮರಳಿದ ಹಣ ಮತ್ತೊಂದು ಮನೆಗೆ. ಮೊದಲ ತಿಂಗಳ ಬಾಡಿಗೆ, ಮುಂಗಡ, ನಾಲ್ಕು ಮಂಚ, ಅಡುಗೆಯ ಪಾತ್ರೆ ಇವಿಷ್ಟನ್ನು ಹೊಂದಿಸಲಾಗದೆ ನಿಂತುಹೋಗುತ್ತಿದ್ದ ಪ್ರಯತ್ನಗಳು ಆ ಸಣ್ಣ ಕೈಗಡದಿಂದ ನಡೆಯತೊಡಗಿದವು.

ಪ್ರಯೋಜನವಾಯಿತೇ? ಲಿಯೊನಾರ್ಡ್ ಜೇಸನ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಸಂಗಡಿಗರೊಂದಿಗೆ ಇಲಿನಾಯ್ ಸಂಸ್ಥಾನದಲ್ಲಿ ಇದನ್ನು ಪರೀಕ್ಷಿಸಿ 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಚಿಕಿತ್ಸೆ ಮುಗಿಸಿದ 150 ಮಂದಿಯಲ್ಲಿ ಅರ್ಧದಷ್ಟು ಮಂದಿಯನ್ನು ಇಂತಹ ಮನೆಗಳಿಗೂ ಉಳಿದವರನ್ನು ವಾಡಿಕೆಯ ಅನುಸರಣೆಗೂ ಕಳುಹಿಸಲಾಯಿತು. ಎರಡು ವರ್ಷಗಳ ಬಳಿಕ ನೋಡಿದಾಗ, ವಾಡಿಕೆಯಂತೆ ಹೋದವರಲ್ಲಿ ಶೇಕಡಾ 65ರಷ್ಟು ಮಂದಿ ಮರಳಿ ಮದ್ಯ ಅಥವಾ ಮಾದಕ ವಸ್ತುವಿಗೆ ಬಿದ್ದಿದ್ದರು; ಮನೆಗಳಿಗೆ ಹೋದವರಲ್ಲಿ ಅದು ಶೇಕಡಾ 31. ಸೆರೆಮನೆಯ ಪಾಲಾದವರು ಅಲ್ಲಿ ಶೇಕಡಾ 9, ಇಲ್ಲಿ ಶೇಕಡಾ 3. ತಿಂಗಳ ಸಂಪಾದನೆಯಲ್ಲಿಯೂ ಮನೆಯವರೇ ಬಹಳ ಮುಂದೆ. ಔಷಧ ಇಬ್ಬರಿಗೂ ದೊರೆತಿತ್ತು, ಉಪದೇಶವೂ ದೊರೆತಿತ್ತು. ಮುಖ್ಯವಾದ ವ್ಯತ್ಯಾಸ ಸೂರಿನದು, ಸೂರಿನಡಿಯ ಸಂಗಾತದ್ದು.

ಅಮೆರಿಕೆಯ ಮಾತು ಅಮೆರಿಕೆಗೆ ಎನ್ನುವವರಿದ್ದಾರೆ. ಒಪ್ಪತಕ್ಕ ಮಾತೇ. ಅಲ್ಲಿ ಒಬ್ಬೊಬ್ಬನೇ ಬದುಕುವುದು ರೂಢಿ; ಇಲ್ಲಿ ಕುಟುಂಬವೇ ಆಧಾರ. ಅಲ್ಲಿಯ ಪದ್ಧತಿಯನ್ನು ಇದ್ದಂತೆ ತಂದು ನೆಡುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಆದರೆ ಕೂಡಿ ಕುಳಿತು ಬಿಡುವ ವಿದ್ಯೆ ನಮ್ಮ ನೆಲಕ್ಕೆ ಅಪರಿಚಿತವಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರುಗಳಲ್ಲಿ ನಡೆಸಿಕೊಂಡು ಬಂದ ಎಂಟು ದಿನಗಳ ಮದ್ಯವರ್ಜನ ಶಿಬಿರಗಳನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡವರೇ. ಶಿಬಿರ ಮುಗಿಸಿದವರು ಆಗಾಗ್ಗೆ ಕೂಡುವುದಕ್ಕೆಂದು ನವಜೀವನ ಸಮಿತಿಗಳನ್ನು ಅವರೇ ಕಟ್ಟಿದ್ದಾರೆ. ಬಿಡಿಸುವುದಷ್ಟೇ ಸಾಲದು, ಬಿಟ್ಟವರನ್ನು ಒಟ್ಟಿಗಿರಿಸಬೇಕು ಎಂಬ ತಿಳಿವಳಿಕೆ ಅಲ್ಲಿದೆ. ಸಮಿತಿ ವಾರಕ್ಕೋ ತಿಂಗಳಿಗೋ ಒಮ್ಮೆ ಕೂಡುತ್ತದೆ. ಸಂಜೆ ಮಾತ್ರ ದಿನವೂ ಬರುತ್ತದೆ. ಆದುದರಿಂದ ನಿತ್ಯದ ಸೂರೊಂದು ಬೇಕು ಎಂಬುದು ನಮ್ಮ ವಾದ.

ಇನ್ನು ಸರಕಾರದ ಕಡೆಗೆ ಬರೋಣ. 2019ರಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುವವರು. ಅವರಲ್ಲಿ ಐದೂವರೆ ಕೋಟಿಗೂ ಮಿಕ್ಕಿದವರಿಗೆ ಒಂದಿಲ್ಲೊಂದು ಬಗೆಯ ನೆರವು ಬೇಕು. ಮದ್ಯಕ್ಕೆ ದಾಸರಾದವರಲ್ಲಿ 38 ಮಂದಿಗೆ ಒಬ್ಬರಂತೆ ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದವರು. ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಆ ನೂರ ಎಂಬತ್ತರಲ್ಲಿ ಒಬ್ಬನಾಗಿ ಹಾಸಿಗೆ ದೊರಕಿಸಿಕೊಂಡವನನ್ನೂ ನಾವು ಹನ್ನೊಂದನೆಯ ದಿನ ಕಳೆದುಕೊಳ್ಳುತ್ತೇವೆಂದರೆ ಅದು ಹಾಕಿದ ಹಣವನ್ನೇ ನೀರಿಗೆಸೆದಂತೆ. ಕೇರಳದಲ್ಲಿ 2016ರಿಂದ 'ವಿಮುಕ್ತಿ' ಎಂಬ ಯೋಜನೆ ನಡೆದಿದೆ. ಅದರ ಅಡಿಯಲ್ಲಿ ಜಿಲ್ಲೆ ಜಿಲ್ಲೆಗಳಲ್ಲಿ ಚಟಬಿಡಿಸುವ ಕೇಂದ್ರಗಳು ತೆರೆದವು. ಇದು ಶ್ಲಾಘನೀಯ. ಕೇಂದ್ರ ಸರಕಾರವೂ ಸ್ವಯಂಸೇವಾ ಸಂಸ್ಥೆಗಳ ಚಿಕಿತ್ಸಾ ಕೇಂದ್ರಗಳಿಗೆ ದಶಕಗಳಿಂದ ಅನುದಾನ ಕೊಡುತ್ತಿದೆ. ಆದರೆ ನಾವು ಕಂಡಂತೆ ಈ ಹಣವೆಲ್ಲ ಬಹುಮಟ್ಟಿಗೆ ಹಾಸಿಗೆಯ ಬಳಿಗೆ ಬಂದು ನಿಲ್ಲುತ್ತದೆ. ಹಾಸಿಗೆಯಿಂದ ಎದ್ದವನ ಮುಂದಿನ ಹೆಜ್ಜೆಗೆ ನೆಲವಿಲ್ಲ.

ಇದು ಬರಿಯ ದಯೆಯ ಬೇಡಿಕೆಯಲ್ಲ, ಕಾನೂನಿನ ಮಾತೂ ಹೌದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಮಾನಸಿಕ ಅಸ್ವಾಸ್ಥ್ಯದ ವ್ಯಾಖ್ಯೆಯಲ್ಲಿಯೇ ಅದು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದುಂಟಾಗುವ ಮಾನಸಿಕ ಸ್ಥಿತಿಗಳನ್ನು ಸೇರಿಸಿದೆ. ಅದರ 18ನೆಯ ಕಲಮು ಸರಕಾರ ಒದಗಿಸಬೇಕಾದ ಸೇವೆಗಳಲ್ಲಿ ನಡುದಾರಿಯ ಮನೆಗಳನ್ನೂ ಆಸರೆಯ ವಸತಿಗಳನ್ನೂ ಹೆಸರಿಸುತ್ತದೆ. 19ನೆಯ ಕಲಮು ಸಮಾಜದ ನಡುವೆ ಬಾಳುವ ಹಕ್ಕನ್ನು ಕೊಟ್ಟು, ಅಂತಹ ಮನೆಗಳನ್ನು ಸ್ಥಾಪಿಸುವ ಇಲ್ಲವೆ ಸ್ಥಾಪನೆಗೆ ನೆರವಾಗುವ ಹೊಣೆಯನ್ನು ಸರಕಾರದ ಮೇಲೆ ಹೊರಿಸುತ್ತದೆ. ಅಂದ ಮೇಲೆ ನಾವು ಕೇಳುತ್ತಿರುವುದು ಹೊಸ ವರವನ್ನಲ್ಲ. ಬರೆದುಕೊಟ್ಟ ಮಾತನ್ನು ನಡೆಸಿಕೊಡಿ ಎಂದಷ್ಟೆ.

ಹಣ ಎಲ್ಲಿಂದ? ಉತ್ತರ ಬಹಳ ದೂರವಿಲ್ಲ. ಈ ರಾಜ್ಯದಲ್ಲಿ ಮದ್ಯ ಮಾರುವುದು ಪ್ರಧಾನವಾಗಿ ಸರಕಾರವೇ. 1984ರಲ್ಲಿ ಸ್ಥಾಪಿತವಾದ ರಾಜ್ಯ ಬಿವರೇಜಸ್ ನಿಗಮದ ಮುಖಾಂತರ. 2022-23ರಲ್ಲಿ ಅದರ ಮಾರಾಟ 18 ಸಾವಿರ ಕೋಟಿ ರೂಪಾಯಿಗಳನ್ನು ದಾಟಿತ್ತು. ಅದರಲ್ಲಿ ಬಹುಪಾಲು ತೆರಿಗೆಯಾಗಿ ಖಜಾನೆ ಸೇರಿತು. ದಿನಕ್ಕೆ ಹಂಚಿದರೆ ಸುಮಾರು 49 ಕೋಟಿ. ಈಗ ಒಂದು ಮನೆಯ ಲೆಕ್ಕ ಹಾಕೋಣ. ನಮ್ಮ ಕಡೆಯ ಪೇಟೆಯ ದರದಲ್ಲಿ ಸ್ಥೂಲವಾಗಿ ಅಂದಾಜಿಸಿದರೆ, ತಿಂಗಳಿಗೆ ಮನೆಯ ಬಾಡಿಗೆ 20 ಸಾವಿರ. ಹತ್ತು ಮಂದಿಯ ಊಟಕ್ಕೆ ತಲಾ 4 ಸಾವಿರದಂತೆ 40 ಸಾವಿರ. ಮೇಲ್ವಿಚಾರಕರೊಬ್ಬರ ಗೌರವಧನ 20 ಸಾವಿರ. ವಿದ್ಯುತ್ತು, ಔಷಧ, ಇತರ ಖರ್ಚು 10 ಸಾವಿರ. ಒಟ್ಟು 90 ಸಾವಿರ. ಮೊದಲ ಎರಡು ತಿಂಗಳು ಉಚಿತ. ಮೂರನೆಯ ತಿಂಗಳಿನಿಂದ ದುಡಿಯುವವರು ತಮ್ಮ ಊಟದ ಹಣವನ್ನು ತಾವೇ ಕೊಡಬೇಕೆಂದು ನಿಯಮವಿಟ್ಟರೆ, ಆರು ತಿಂಗಳ ವಾಸದ ಲೆಕ್ಕದಲ್ಲಿ ಸರಕಾರದ ಪಾಲು ತಿಂಗಳಿಗೆ ಸುಮಾರು 63 ಸಾವಿರಕ್ಕೆ ಇಳಿಯುತ್ತದೆ. ವರ್ಷಕ್ಕೆ ಏಳೂವರೆ ಲಕ್ಷದ ಆಸುಪಾಸು. ಅಷ್ಟರಲ್ಲಿ ವರ್ಷಕ್ಕೆ ಇಪ್ಪತ್ತು ಮಂದಿ ಆ ಮನೆಯನ್ನು ಹಾದುಹೋಗಬಹುದು. ರಾಜ್ಯದ ಹದಿನಾಲ್ಕು ಜಿಲ್ಲೆಗಳಲ್ಲಿ ಎರಡೆರಡರಂತೆ 28 ಮನೆಗಳನ್ನು ನಡೆಸಿದರೂ ವರ್ಷದ ವೆಚ್ಚ ಎರಡು ಕೋಟಿ ಚಿಲ್ಲರೆ. ಒಂದೇ ಒಂದು ದಿನದ ಮಾರಾಟದ ಇಪ್ಪತ್ತರಲ್ಲೊಂದು ಪಾಲೂ ಆಗಲಿಲ್ಲ. ನಮ್ಮ ಅಂದಾಜು ಇಮ್ಮಡಿ ತಪ್ಪಿದ್ದರೂ ವಾದ ಕೆಡುವುದಿಲ್ಲ.

ಆಕ್ಷೇಪಗಳುಂಟು, ಅವುಗಳನ್ನು ಬದಿಗೊತ್ತುವುದು ನ್ಯಾಯವಲ್ಲ. ತಾನಾಗಿ ಕುಡಿದು ಕೆಟ್ಟವನಿಗೆ ನಮ್ಮ ತೆರಿಗೆಯ ಹಣವೇಕೆ ಎಂಬುದು ಮೊದಲನೆಯದು. ಅವನು ಕುಡಿದಾಗಲೆಲ್ಲ ತೆರಿಗೆ ಕೊಟ್ಟೇ ಕುಡಿದಿದ್ದಾನೆ. ನಮ್ಮ ನೆರೆಯವರು ಇಪ್ಪತ್ತು ವರ್ಷಗಳಲ್ಲಿ ಖಜಾನೆಗೆ ಸಂದಾಯ ಮಾಡಿದ ಹಣದ ಒಂದು ಸಣ್ಣ ಪಾಲನ್ನು ಅವರ ಆರು ತಿಂಗಳ ಗಂಜಿಗೆ ಕೇಳಿದರೆ ಅದು ಭಿಕ್ಷೆಯಲ್ಲ. ಮಾರಿದ ಕೈಯೇ ಎತ್ತುವ ಕೈಯೂ ಆಗಬೇಕು. ಮೇಲಾಗಿ, ಆ ಹಣ ಉಳಿಸುವುದು ಅವರೊಬ್ಬರನ್ನಲ್ಲ. ಬೆನ್ನ ಹಿಂದೆ ಒಬ್ಬ ಹೆಂಡತಿಯಿದ್ದಾಳೆ, ಶಾಲೆ ಬಿಡುವ ಹಂತದಲ್ಲಿರುವ ಇಬ್ಬರು ಮಕ್ಕಳಿದ್ದಾರೆ.

ಕುಟುಂಬವಿರುವಾಗ ಬೇರೆ ಮನೆ ಏಕೆಂಬುದು ಎರಡನೆಯದು. ಕುಟುಂಬದ ಪ್ರೀತಿಗೆ ಬದಲಿ ಇಲ್ಲ ನಿಜ. ಆದರೆ ಹತ್ತು ವರ್ಷ ಬೆದರಿ ಬದುಕಿದ ಹೆಂಡತಿಗೂ ನಿದ್ರೆ ಬೇಕಲ್ಲವೇ? ಗಂಡ ಬಂದ ಇರುಳೆಲ್ಲ ಬಾಯಿಯ ವಾಸನೆ ನೋಡುತ್ತ, ಕಿಸೆ ತಡಕುತ್ತ ಆಕೆ ಕಾವಲುಗಾರ್ತಿಯಾಗಿ ಕೂರಬೇಕೆ? ಆಕೆಯ ಸಂಶಯ ಅವನನ್ನು ಚುಚ್ಚುತ್ತದೆ, ಅವನ ಸಿಡುಕು ಆಕೆಯನ್ನು ಸುಡುತ್ತದೆ. ಇಬ್ಬರಿಗೂ ಸ್ವಲ್ಪ ಬಿಡುವು ದೊರೆತು, ಭಾನುವಾರಕ್ಕೊಮ್ಮೆ ಮಕ್ಕಳು ತಂದೆಯನ್ನು ಕಂಡು ಬರುವಂತಾದರೆ ಕುಟುಂಬ ಒಡೆಯುವುದಿಲ್ಲ, ಕೂಡುತ್ತದೆ. ಕುಡಿತಕ್ಕೆ ಬಿದ್ದ ಹೆಣ್ಣುಮಕ್ಕಳೂ ಇದ್ದಾರೆಂಬುದನ್ನು ಮರೆಯಲಾಗದು. ಅವರ ಸಂಖ್ಯೆ ಕಡಿಮೆಯಿರಬಹುದು. ಅವರ ಪಾಲಿಗೆ ತವರಿನ ಬಾಗಿಲೂ ಮುಚ್ಚಿರುವುದರಿಂದ ಅವರಿಗಾಗಿ ಪ್ರತ್ಯೇಕ ಮನೆಯ ಅಗತ್ಯ ಹೆಚ್ಚೇ ಇದೆ.

ನಮ್ಮ ಬೀದಿಯಲ್ಲಿ ಅಂತಹ ಮನೆ ಬೇಡ ಎನ್ನುವವರು ಮೂರನೆಯವರು. ಸ್ವಾಮೀ, ಕುಡಿಯುವವರು ಈಗಾಗಲೇ ನಮ್ಮ ಬೀದಿಯಲ್ಲಿದ್ದಾರೆ. ತಮ್ಮ ತಮ್ಮ ಮನೆಗಳಲ್ಲಿ ಕುಡಿದು ಕೂಗಾಡುತ್ತಲೂ ಇದ್ದಾರೆ. ಯಾರೊಬ್ಬರೂ ಕುಡಿಯಬಾರದೆಂಬ ಕಟ್ಟಳೆಯಿರುವ ಒಂದೇ ಮನೆ ಬೀದಿಗೆ ಬಂದರೆ ಅದೇ ಎಲ್ಲಕ್ಕಿಂತ ಸದ್ದಿಲ್ಲದ ಮನೆಯಾದೀತು.

ಸಂಪೂರ್ಣ ಪಾನನಿಷೇಧವೇ ಮದ್ದು ಎಂಬ ಮಾತನ್ನು ನಾವು ಗೌರವಿಸುತ್ತೇವೆ. ಸಂವಿಧಾನದ 47ನೆಯ ವಿಧಿ ಅದನ್ನೇ ಹೇಳುತ್ತದೆ. ನಾರಾಯಣ ಗುರುಗಳೂ ಗಾಂಧೀಜಿಯವರೂ ಅದನ್ನೇ ಬಯಸಿದವರು. ಆದರೆ ಗಡಿನಾಡಿನವರಾದ ನಮ್ಮ ಅನುಭವವನ್ನೂ ಹೇಳಬೇಕು. ಕೇರಳ 1996ರಲ್ಲಿ ಸಾರಾಯಿಯನ್ನು ನಿಷೇಧಿಸಿತು, ಕರ್ನಾಟಕ 2007ರಲ್ಲಿ. ನಡುವಿನ ವರ್ಷಗಳಲ್ಲಿ ಇತ್ತ ಇಲ್ಲದ್ದು ಅತ್ತ ಇತ್ತು. 2014ರಲ್ಲಿ ಇಲ್ಲಿ ನೂರಾರು ಬಾರುಗಳಿಗೆ ಬೀಗ ಬಿತ್ತು. 2017ರ ಹೊಸ ನೀತಿಯಿಂದ ಅನೇಕ ಮತ್ತೆ ತೆರೆದವು. ಇಲ್ಲಿ ಮುಚ್ಚಿದ ದಿನ ತಲಪಾಡಿಯನ್ನು ದಾಟಿದರಾಯಿತು ಎಂಬುದನ್ನು ಚಿಕ್ಕ ಮಕ್ಕಳೂ ಬಲ್ಲರು. ಹೊಸೂರು, ತಾಳವಾಡಿಯ ನಮ್ಮ ಬಂಧುಗಳ ಕಥೆಯೂ ಬೇರೆಯಲ್ಲ. ಅಂಗಡಿ ಮುಚ್ಚಿದ ಕಾಲದಲ್ಲಿಯೂ ತೆರೆದ ಕಾಲದಲ್ಲಿಯೂ ಬಿಟ್ಟವನಿಗೆ ಸೂರು ಬೇಕೇ ಬೇಕು. ಒಂದು ಬೇಡಿಕೆ ಇನ್ನೊಂದಕ್ಕೆ ವಿರೋಧವಲ್ಲ.

ಸರಕಾರದ ಹಣವೆಂದರೆ ಸೋರಿಕೆ ಎಂಬ ಕಡೆಯ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದುದರಿಂದಲೇ ಲೆಕ್ಕ ಬಹಿರಂಗವಾಗಿರಬೇಕು, ತಪಾಸಣೆ ಅನಿರೀಕ್ಷಿತವಾಗಿರಬೇಕು. ಬಿಡಿಸುತ್ತೇವೆಂದು ಹೇಳಿ ಹೊಡೆಯುವ, ಕಟ್ಟಿಹಾಕುವ ಜಾಗಗಳು ದೇಶದಲ್ಲಿ ಇಲ್ಲದಿಲ್ಲ. ಮೇಲೆ ಹೇಳಿದ ಕಾಯಿದೆ ಸಂಕೋಲೆ ತೊಡಿಸುವುದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಬರುವವನು ತಾನಾಗಿ ಬರಬೇಕು, ಬೇಡವಾದರೆ ಬಾಗಿಲು ತೆಗೆದುಕೊಂಡು ಹೋಗಬಲ್ಲವನಾಗಿರಬೇಕು. ಸಾರ್ವಜನಿಕ ಹಣ ಬಂದಲ್ಲಿ ಸಾರ್ವಜನಿಕರ ಕಣ್ಣೂ ಬರುತ್ತದೆ. ಖಾಸಗಿ ಗೋಡೆಗಳ ಹಿಂದೆ ಆ ಕಣ್ಣು ಹಾಯುವುದಿಲ್ಲ.

ನಮ್ಮ ಗಡಿನಾಡಿಗೆ ವಿಶೇಷವಾದ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಈ ರೋಗದ ಮದ್ದಿನಲ್ಲಿ ಅರ್ಧಕ್ಕರ್ಧ ಮಾತೇ. ತನ್ನ ಲಜ್ಜೆಯನ್ನು, ಭಯವನ್ನು, ಮಗಳ ಮದುವೆಯ ಹಣವನ್ನು ಕುಡಿದು ಕಳೆದ ಪಾಪಪ್ರಜ್ಞೆಯನ್ನು ಮನುಷ್ಯ ಹೊರಹಾಕುವುದು ತಾಯಿಯೊಡನೆ ಆಡಿದ ಭಾಷೆಯಲ್ಲಿ. ಪೇಟೆಯ ವ್ಯವಹಾರಕ್ಕೆ ಸಾಲುವಷ್ಟು ಮಲೆಯಾಳ ನಮ್ಮವರಿಗೆಲ್ಲ ಬರುತ್ತದೆ. ಎದೆಯೊಳಗಿನದನ್ನು ಹೇಳುವುದಕ್ಕೆ ಅದು ಸಾಲದು. ನಮ್ಮ ನೆರೆಯವರು ಮೊದಲ ಬಾರಿಯ ಚಿಕಿತ್ಸೆಯಲ್ಲಿ ಸಮಾಲೋಚಕರ ಮುಂದೆ ಎಲ್ಲದಕ್ಕೂ ತಲೆಯಾಡಿಸಿ ಬಂದರಂತೆ. ಆದುದರಿಂದ ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ತೆರೆಯುವ ಮನೆಯಲ್ಲಿ ಕನ್ನಡ, ತುಳು ಬಲ್ಲ ಮೇಲ್ವಿಚಾರಕರಿರಬೇಕೆಂಬುದು ಭಾಷಾಭಿಮಾನದ ಬೇಡಿಕೆಯಲ್ಲ, ಚಿಕಿತ್ಸೆಯ ಬೇಡಿಕೆ.

ಹಾಗಾದರೆ ನಾವು ಮಾಡತಕ್ಕದ್ದೇನು? ಈ ರಾಜ್ಯದಲ್ಲಿ 1996ರ ಜನಕೀಯ ಯೋಜನೆಯಿಂದೀಚೆಗೆ ಪಂಚಾಯತುಗಳಿಗೆ ಯೋಜನಾ ನಿಧಿಯುಂಟು, ವಾರ್ಡುವಾರು ಗ್ರಾಮಸಭೆಯುಂಟು. ಅಲ್ಲಿ ರಸ್ತೆ, ಮೋರಿ, ಬೀದಿದೀಪಗಳ ಜೊತೆಗೆ ಇದನ್ನೂ ಎತ್ತಬಹುದು. ಒಂದು ಪಂಚಾಯತಿಗೆ ಭಾರವಾದರೆ ನಾಲ್ಕು ಪಂಚಾಯತುಗಳು ಸೇರಿ ಒಂದು ಮನೆ. ಮೇಲಿನ ಪಾಲು ರಾಜ್ಯದ ಅಬಕಾರಿ ಆದಾಯದಿಂದ. 1998ರಲ್ಲಿ ಹುಟ್ಟಿದ ಕುಟುಂಬಶ್ರೀಯ ಸಹೋದರಿಯರು ಅಡುಗೆಯ ಹೊಣೆ ಹೊತ್ತರೆ ಅವರಿಗೂ ದುಡಿಮೆ. ಆರಂಭದ ಮುಂಗಡಕ್ಕೆ ಆವರ್ತನಿಧಿಯೊಂದನ್ನು ಇಡಬಹುದು. ತೋಟದವರಾದ ನಮ್ಮಿಂದಲೂ ಒಂದು ಕೆಲಸ ಆಗಬೇಕು: ಕೂಲಿಯನ್ನು ಗಡಂಗಿನ ಜಗಲಿಯಲ್ಲಿ ಹಂಚದೆ ತೋಟದಲ್ಲಿಯೇ ಅವರವರ ಕೈಗೆ ಕೊಡುವುದು. ಅದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಡ. ನೆರವಿನ ತುರ್ತಿರುವ ಮನೆಯವರು ಕೇಂದ್ರದ ಉಚಿತ ದೂರವಾಣಿ ಸಂಖ್ಯೆ 14446ಕ್ಕೆ ಕರೆ ಮಾಡಿ ಕೇಳಬಹುದು ಎಂಬುದನ್ನೂ ನೆನಪಿಸುತ್ತೇವೆ.

ನಮ್ಮ ವಾರ್ಡಿನ ಗ್ರಾಮಸಭೆಯಲ್ಲಿ ಮಂಡಿಸುವುದಕ್ಕಾಗಿ ನಾವು ಒಂದು ಮನವಿಯನ್ನು ಬರೆದಿದ್ದೇವೆ. ಮೊದಲ ಸಹಿ ಆ ಹೆಣ್ಣುಮಗಳದು. ಎರಡನೆಯದು, ಅಂದು ನಕ್ಕ ತಪ್ಪಿಗಾಗಿ, ನಮ್ಮದು. ವಾಚಕರೂ ತಂತಮ್ಮ ಊರುಗಳಲ್ಲಿ ಇಂತಹುದೊಂದು ಮನವಿಯನ್ನು ಸಲ್ಲಿಸಿ ಅದರ ಗತಿಯೇನಾಯಿತೆಂದು ನಮಗೆ ಬರೆದು ತಿಳಿಸಬೇಕಾಗಿ ಪ್ರಾರ್ಥಿಸುತ್ತೇವೆ. ಮನವಿ ಮೇಜಿನಿಂದ ಮೇಜಿಗೆ ಸಾಗಿ ಮನೆಯಾಗುವುದಕ್ಕೆ ವರ್ಷಗಳು ಹಿಡಿದಾವು. ಅದು ನಮಗೆ ಗೊತ್ತಿಲ್ಲದ್ದೇನಲ್ಲ. ಅಷ್ಟರವರೆಗೆ ಹತ್ತಿರದ ಪೇಟೆಯಲ್ಲಿ ಅವರ ಸೋದರಮಾವನ ಅಂಗಡಿಯ ಹಿಂದಿರುವ ಒಂದು ಕೋಣೆಯನ್ನು ಸುಣ್ಣ ಬಳಿದು ಸಿದ್ಧಪಡಿಸುತ್ತಿದ್ದಾರೆ. ಶಿಬಿರವೊಂದರಲ್ಲಿ ಕುಡಿತ ಬಿಟ್ಟು ಆರು ವರ್ಷವಾದ ಹಿರಿಯರೊಬ್ಬರು ಸಂಜೆ ಬಂದು ಜೊತೆಗೆ ಕೂರುವುದಾಗಿ ಒಪ್ಪಿದ್ದಾರೆ. ಬಿಡುಗಡೆಗೆ ಇನ್ನು ಹನ್ನೆರಡು ದಿನಗಳಿವೆ.